ಜಗಲಿ ಮೇಲೆ ಮೈಕ್: ಪಾಡ್‌ಕಾಸ್ಟ್‌ಗೆ ಸಾಮಾನು ಕೊಂಡ ಕಥೆ

ನಾನು ಮತ್ತು ನನ್ನ ಓರಗಿತ್ತಿ ಸೇರಿ ಒಂದು ಕನ್ನಡ ಪಾಡ್‌ಕಾಸ್ಟ್ ಶುರು ಮಾಡಿದ್ದೇವೆ. ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಸುತ್ತಲಿನ ವಯಸ್ಸಾದವರ ಮನೆಗೆ ಹೋಗುವುದು, ಜಗಲಿ ಮೇಲೆ ಕೂರುವುದು, ಅವರ ಮಾತು ರೆಕಾರ್ಡ್ ಮಾಡಿ ಹಾಕುವುದು. ಹಸೆ ಚಿತ್ತಾರ ಬರೆಯುವ ಅಜ್ಜಿಯರಿದ್ದಾರೆ, ಮರ ಹತ್ತಿ ಅಡಿಕೆ ಕೊನೆ ಇಳಿಸುತ್ತಿದ್ದ ಕೊನೆಗೌಡರಿದ್ದಾರೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಊರು ಮುಳುಗಿ ಗಂಟುಮೂಟೆ ಕಟ್ಟಿಕೊಂಡು ಬಂದವರಿದ್ದಾರೆ. ಅವರಲ್ಲಿ ಬಹಳ ಜನಕ್ಕೆ ಎಂಬತ್ತು ದಾಟಿದೆ. ಹಾಗಾಗಿ ನಮಗೆ ಗಡಿಬಿಡಿ ಇತ್ತು. ಆದರೂ ಶ್ರಾವಣದಲ್ಲಿ ಶುರುವಾದ ಮೈಕ್ ಹುಡುಕಾಟ ಮುಗಿಯುವಾಗ ಅಡಿಕೆ ಕೊಯ್ಲು ಅರ್ಧ ಆಗಿತ್ತು.

ಇಷ್ಟು ಹೊತ್ತು ಯಾಕೆ ಹಿಡಿಯಿತು ಅಂತ ಬಹಳ ಜನ ಕೇಳುತ್ತಾರೆ. ಜೊತೆಗೆ "ಯಾವ ಮೈಕ್ ತಗೊಳ್ಳಲಿ?" ಅಂತಲೂ ಕೇಳುತ್ತಾರೆ. ಈ ಎರಡನೇ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಕೊಡುವವರನ್ನು ನಂಬಬೇಡಿ. ಎಷ್ಟು ಜನ ಮಾತಾಡುತ್ತೀರಿ, ಎಲ್ಲಿ ಕೂತು ಮಾತಾಡುತ್ತೀರಿ, ಅಲ್ಲಿ ಕರೆಂಟ್ ಇರುತ್ತದಾ, ಇಷ್ಟು ಗೊತ್ತಾಗುವವರೆಗೆ ಮೈಕ್ ಹೆಸರು ಎತ್ತುವುದೇ ದಂಡ.

ಮೊದಲು ನಾವು ಕೊಂಡಿದ್ದು ಏನೂ ಇಲ್ಲ. ಫೋನಿನಲ್ಲೇ ರೆಕಾರ್ಡ್ ಮಾಡಿ ನೋಡಿದೆವು. ಹೊಸದಾಗಿ ಕಟ್ಟಿಸಿದ ಆರ್‌ಸಿಸಿ ರೂಮು ಚೆನ್ನಾಗಿದೆ, ಬಾಗಿಲು ಹಾಕಿದರೆ ಯಾರ ಗಲಾಟೆಯೂ ಇಲ್ಲ ಅಂತ ಅಲ್ಲಿ ಕೂತೆವು. ಕೇಳಿದರೆ ಇಬ್ಬರೂ ನೀರಿನ ಟ್ಯಾಂಕಿನೊಳಗೆ ಇಳಿದು ಮಾತಾಡಿದ ಹಾಗಿತ್ತು. ಸಿಮೆಂಟ್ ಗೋಡೆ, ಕೆಳಗೆ ಟೈಲ್ಸ್, ಮೇಲೆ ಸ್ಲ್ಯಾಬ್. ಹೊರಟ ಶಬ್ದ ಎಲ್ಲೂ ಅಡಗದೆ ಗೋಡೆಯಿಂದ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಈ ಅನುರಣನ ಒಮ್ಮೆ ರೆಕಾರ್ಡಿಂಗ್‌ನಲ್ಲಿ ಕೂತರೆ ಆಮೇಲೆ ತೆಗೆಯುವುದು ಬಹಳ ಕಷ್ಟ. ಫ್ಯಾನ್ ಸದ್ದು, ಗುಂಯ್ ಅನ್ನುವ ಸದ್ದು ಇವನ್ನು ಸಾಫ್ಟ್‌ವೇರ್‌ನಲ್ಲಿ ಸ್ವಲ್ಪ ಮಟ್ಟಿಗೆ ಕಳೆಯಬಹುದು. ಗೋಡೆಗೆ ಬಡಿದು ಬಂದ ಮಾತು ಹಾಗಲ್ಲ, ಅದೂ ನಿಮ್ಮದೇ ಮಾತು. ಅದನ್ನು ತೆಗೆಯಲು ಹೋದರೆ ಅಸಲಿ ಮಾತಿಗೂ ಕತ್ತರಿ ಬೀಳುತ್ತದೆ.

ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಒಂದು ಚಪ್ಪಾಳೆ ತಟ್ಟಿ ನೋಡುವುದು ಅಭ್ಯಾಸ ಆಯಿತು. ಚಪ್ಪಾಳೆ ಬಾಲ ಬಿಡದೆ ಟಪ್ ಅಂತ ಸತ್ತರೆ ಒಳ್ಳೆ ಜಾಗ. ನಮ್ಮ ಮನೆಯಲ್ಲಿ ಅತಿ ಒಳ್ಳೆ ಜಾಗ ಯಾವುದು ಗೊತ್ತಾ? ಅಡಿಕೆ ಚೀಲ ಪೇರಿಸಿಡುವ ಕೋಣೆ. ಎರಡು ಗೋಡೆಗೆ ಸೆಣಬಿನ ಚೀಲ, ಮೇಲೆ ಮರದ ಅಟ್ಟ, ಮೂಲೆಯಲ್ಲಿ ಹಳೆ ಹಾಸಿಗೆ ಸುರುಳಿ. ಅಲ್ಲಿ ಅದೇ ಫೋನಿನಲ್ಲಿ ಮಾಡಿದ ರೆಕಾರ್ಡಿಂಗ್ ಕೇಳಿ ನನ್ನ ಗಂಡ "ಮೈಕ್ ತಗೊಂಡ್ರಾ?" ಅಂತ ಕೇಳಿದರು. ಪೇಟೆಯವರು ಬೀರು ಇರುವ ಮಲಗುವ ಕೋಣೆಯಲ್ಲಿ ಕೂತು ಪರದೆ ಎಳೆದು, ಎದುರಿನ ಗೋಡೆಗೆ ಒಂದು ದಪ್ಪ ಕೌದಿ ನೇತುಹಾಕಿ ನೋಡಿ. ತೆಳ್ಳಗಿನ ಫೋಮ್ ಹಾಳೆ ತಂದು ಗೋಡೆಗೆ ಅಂಟಿಸುವ ಆಸೆ ಇದ್ದರೆ ಸ್ವಲ್ಪ ತಡೆಯಿರಿ. ಅದು ತೀಕ್ಷ್ಣ ಸದ್ದನ್ನು ಮಾತ್ರ ಒಂದಿಷ್ಟು ಹೀರುತ್ತದೆ. ಗಂಡಸರ ದಪ್ಪ ದನಿ ಮೊಳಗುವುದಕ್ಕೆ ಅದರಿಂದ ಏನೂ ಆಗುವುದಿಲ್ಲ, ಹೊರಗಿನ ಸದ್ದನ್ನಂತೂ ಅದು ತಡೆಯುವುದೇ ಇಲ್ಲ.

ಆಮೇಲೆ ಮಳೆ. ಶ್ರಾವಣದಲ್ಲಿ ನಮ್ಮ ಕಡೆ ಮಳೆ ಗೊತ್ತಲ್ಲ. ಅಂಗಳಕ್ಕೆ ತಗಡಿನ ಶೀಟು ಹಾಕಿಸಿದ ಮನೆಯಲ್ಲಿ ಎದುರಿಗೆ ಕೂತವರ ಮಾತೇ ಕೇಳುವುದಿಲ್ಲ. ಅದಕ್ಕೆ ಯಾವ ಮೈಕೂ ಮದ್ದಲ್ಲ. ಹಾಗಾಗಿ ರೆಕಾರ್ಡಿಂಗ್ ಎಲ್ಲ ಮಳೆ ಬಿಟ್ಟ ಮೇಲೆ, ಅಲ್ಲಿಯವರೆಗೆ ಬರೀ ಸಾಮಾನು ಪರೀಕ್ಷೆ ಅಂತ ತೀರ್ಮಾನ ಆಯಿತು.

ಪರೀಕ್ಷೆಗೆ ಸಾಮಾನು ಎಲ್ಲಿಂದ ಬಂತು ಅಂದರೆ, ಬೇಡಿ ತಂದೆವು. ಇದು ನಿಮಗೂ ಹೇಳುವ ಮಾತು, ನಾಚಿಕೆ ಬಿಟ್ಟು ಕೇಳಿ. ಗೇಮ್ ಆಡುವ ಒಬ್ಬ ಹುಡುಗ, ಭಜನಾ ಮಂಡಳಿ, ಯಕ್ಷಗಾನಕ್ಕೆ ಸೌಂಡ್ ಸಿಸ್ಟಂ ಹಾಕುವವರು, ಇಷ್ಟು ಜನ ಎಲ್ಲ ಊರಿನಲ್ಲೂ ಇರುತ್ತಾರೆ.

ಅಕ್ಕನ ಮಗನ ಹತ್ತಿರ ಒಂದು ಯುಎಸ್‌ಬಿ ಕಂಡೆನ್ಸರ್ ಮೈಕ್ ಇತ್ತು. ಲ್ಯಾಪ್‌ಟಾಪಿಗೆ ಚುಚ್ಚಿದರೆ ಆಯಿತು, ಬೇರೆ ಏನೂ ಬೇಡ. ದನಿ ಬಹಳ ಸ್ಪಷ್ಟವಾಗಿ ಬಂತು. ನಮ್ಮದು ಮಾತ್ರ ಅಲ್ಲ. ತೋಟದ ಕಪ್ಪೆ, ಜೀರುಂಡೆ, ಒಳಗಡೆ ಅತ್ತೆ ಒಗ್ಗರಣೆ ಹಾಕಿದ್ದು, ಪಕ್ಕದ ಮನೆಯ ಪಂಪ್‌ಸೆಟ್, ಎಲ್ಲ ಬಂತು. ಕಂಡೆನ್ಸರ್ ಮೈಕಿನ ಗುಣವೇ ಅದು. ಒಳಗೆ ಬಹಳ ತೆಳುವಾದ ಪೊರೆ ಇರುತ್ತದೆ, ಸಣ್ಣ ಸದ್ದಿಗೂ ಅಲುಗುತ್ತದೆ. ಸ್ಟುಡಿಯೋದಲ್ಲಿ ಅದೇ ಬೇಕು. ಡೈನಮಿಕ್ ಮೈಕ್ ಅನ್ನುವುದು ಭಾಷಣದಲ್ಲಿ, ಆರ್ಕೆಸ್ಟ್ರಾದಲ್ಲಿ ಕೈಯಲ್ಲಿ ಹಿಡಿಯುತ್ತಾರಲ್ಲ, ಅದು. ಪೊರೆಗೆ ತಂತಿಯ ಸುರುಳಿ ಅಂಟಿರುತ್ತದೆ, ಹಾಗಾಗಿ ಸ್ವಲ್ಪ ಜಡ. ಬಾಯಿಗೆ ಹತ್ತಿರ ಇದ್ದರೆ ಚೆನ್ನಾಗಿ ಹಿಡಿಯುತ್ತದೆ, ದೂರದ್ದನ್ನು ಅಷ್ಟು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮ್ಮಂಥ ಮನೆಗಳಿಗೆ ಡೈನಮಿಕ್ಕೇ ಸರಿ ಅಂತ ಅಲ್ಲೇ ನಿರ್ಧಾರ ಆಯಿತು. ಇದೊಂದು ವಿಷಯದಲ್ಲಿ ನನಗೆ ಈಗಲೂ ಯಾವ ಅನುಮಾನವೂ ಇಲ್ಲ. ರಸ್ತೆ ಪಕ್ಕದ ಮನೆ, ಮಕ್ಕಳಿರುವ ಮನೆ, ನಾಯಿ ಇರುವ ಮನೆ ಎಲ್ಲದಕ್ಕೂ ಡೈನಮಿಕ್.

ಇನ್ನೊಂದು ತೊಡಕು ಅದೇ ಹೊತ್ತಿಗೆ ಗೊತ್ತಾಯಿತು. ಎರಡು ಯುಎಸ್‌ಬಿ ಮೈಕ್ ತಗೊಂಡು ಒಂದೇ ಲ್ಯಾಪ್‌ಟಾಪಿಗೆ ಹಾಕೋಣ ಅಂತ ಓರಗಿತ್ತಿ ಹೇಳಿದಳು. ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಆದರೆ ರೆಕಾರ್ಡಿಂಗ್, ಎಡಿಟಿಂಗ್ ಮಾಡುವ ಅಡಾಸಿಟಿ ಅನ್ನುವ ಸಾಫ್ಟ್‌ವೇರ್ ಒಂದು ಸಲಕ್ಕೆ ಒಂದೇ ಸಾಧನದಿಂದ ಧ್ವನಿ ತಗೊಳ್ಳುತ್ತದೆ. ಮ್ಯಾಕ್‌ನಲ್ಲಿ ಎರಡನ್ನು ಸೇರಿಸಿ ಒಂದು ಅಗ್ರಿಗೇಟ್ ಡಿವೈಸ್ ಮಾಡಿಕೊಳ್ಳಬಹುದು. ವಿಂಡೋಸ್‌ನಲ್ಲಿ ಬೇರೆ ಸಾಫ್ಟ್‌ವೇರ್ ತಂದು ಸರ್ಕಸ್ ಮಾಡಬೇಕು, ಮಾಡಿದರೂ ಎರಡು ಮೈಕಿನ ಗಡಿಯಾರ ಒಂದೇ ಆಗಿರುವುದಿಲ್ಲ, ಉದ್ದದ ಮಾತುಕತೆಯಲ್ಲಿ ಒಂದರ ದನಿ ಇನ್ನೊಂದರಿಂದ ನಿಧಾನಕ್ಕೆ ಜಾರುತ್ತಾ ಹೋಗುತ್ತದೆ. ಇಬ್ಬರು ಎದುರುಬದುರು ಕೂರುವುದಾದರೆ ಯುಎಸ್‌ಬಿ ಬಿಡಿ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕ್ ತಗೊಳ್ಳಿ, ಅದನ್ನು ಚುಚ್ಚಲು ಒಂದು ಆಡಿಯೋ ಇಂಟರ್‌ಫೇಸ್ (ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಪೆಟ್ಟಿಗೆ) ಅಥವಾ ರೆಕಾರ್ಡರ್ ತಗೊಳ್ಳಿ.

ಸಾಗರದಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಒಬ್ಬರು ನಮಗೆ ಎರಡು ಮೈಕ್, ಒಂದು ಇಂಟರ್‌ಫೇಸ್ ಪರೀಕ್ಷೆಗೆ ಕೊಟ್ಟರು. ಬಾಡಿಗೆ ಕೇಳಿದರೆ "ಮೊದ್ಲು ಕೇಳ್ಸಿ ಮಾರಾಯ್ರೆ, ಆಮೇಲೆ ನೋಡುವ" ಅಂದರು. ಮನೆಗೆ ತಂದು ಜೋಡಿಸಿದರೆ ಹಿಂದೆ ಒಂದು ಗುಂಯ್ ಸದ್ದು. ಮೈಕ್ ಬದಲಿಸಿದೆವು, ಕೇಬಲ್ ಬದಲಿಸಿದೆವು, ಹೋಗಲಿಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ತಕ್ಷಣ ನಿಂತುಹೋಯಿತು! ನಮ್ಮ ಮನೆಯ ಅರ್ತಿಂಗ್ ಸರಿ ಇರಲಿಲ್ಲ. ನಮ್ಮ ಕರೆಂಟ್ 50 ಹರ್ಟ್ಜ್‌ನದು, ಅರ್ತ್ ಸರಿ ಇಲ್ಲದಿದ್ದರೆ ಅದೇ ಗುಂಯ್ ಅಂತ ರೆಕಾರ್ಡಿಂಗ್‌ನೊಳಗೆ ಬಂದು ಕೂರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿದೆವು. ಅವನು ಬರುವುದಕ್ಕೇ ದಿನ ಹಿಡಿಯಿತು ಅನ್ನಿ. ಅರ್ತಿನ ಗುಂಡಿ ಬಿಡಿಸಿ, ತುಕ್ಕು ಹಿಡಿದ ತಂತಿ ಬದಲಿಸಿ, ಹೊಸದಾಗಿ ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹೊಯ್ಯಿರಿ ಅಂದು ಹೋದ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಗುಂಯ್ ಬಂದರೆ ಮೈಕ್ ವಾಪಸ್ ಕಳಿಸುವ ಮೊದಲು ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಒಮ್ಮೆ ಕೇಳಿ. ಅದು ಹೋದರೆ ಮೈಕ್ ನಿರಪರಾಧಿ.

ನಮ್ಮ ಮನೆಯದು ಸರಿಯಾಯಿತು, ಸರಿ. ನಾವು ಹೋಗುವ ಮನೆಗಳದ್ದು? ಲಿಂಗನಮಕ್ಕಿ ಹಿನ್ನೀರಿನ ಆಚೆ ದಡದ ಊರುಗಳಿಗೆ ಹೋಗುವುದು 2025ರಲ್ಲಿ ಸಿಗಂದೂರು ಸೇತುವೆ ಆದಮೇಲೆ ಸಲೀಸಾಗಿದೆ, ಕರೆಂಟು ಮಾತ್ರ ಅಷ್ಟು ಸಲೀಸಲ್ಲ. ಒಂದು ಮರ ಬಿದ್ದರೆ ಎರಡು ದಿನ ಕತ್ತಲೆ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಚಾರ್ಜರ್, ಎಕ್ಸ್‌ಟೆನ್ಷನ್ ಬಾಕ್ಸು ಎಲ್ಲ ಹೊತ್ತು ಅಜ್ಜಿಯ ಎದುರು ಹರಡಿದರೆ ಅಜ್ಜಿ ಮಾತಾಡುವುದಾದರೂ ಹೇಗೆ? ಬ್ಯಾಟರಿಯಲ್ಲಿ ಓಡುವ ರೆಕಾರ್ಡರೇ ಬೇಕು ಅಂತ ಆಗ ಗಟ್ಟಿಯಾಯಿತು.

ಅಷ್ಟರಲ್ಲಿ ಎಲ್ಲರೂ ಹೇಳಿದ್ದು ಕಾಲರ್ ಮೈಕ್. ಸಣ್ಣದು, ಹಗುರ, ಅಂಗಿಗೆ ಸಿಕ್ಕಿಸಿದರೆ ಆಯಿತು. ಬೋಯಾ ಬಿವೈ-ಎಂ1 ಅಂತ ಒಂದಿದೆ, ಆರು ಮೀಟರ್ ಉದ್ದದ ವಯರು, ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಒಬ್ಬರೇ ಕೂತು ಫೋನಿನಲ್ಲಿ ಮಾತಾಡುವವರಿಗೆ ಇದಕ್ಕಿಂತ ಸೋವಿಯ ಒಳ್ಳೆ ಶುರು ಇಲ್ಲ. ಒಂದನ್ನು ತಂದು ನಮ್ಮ ಪಕ್ಕದ ಕೇರಿಯ ಅಜ್ಜನ ಮೇಲೆ ಪರೀಕ್ಷೆ ಮಾಡಲು ಹೋದೆವು. ಅಜ್ಜ ಪಂಚೆ ಉಟ್ಟು, ಹೆಗಲ ಮೇಲೆ ಒಂದು ಟವೆಲ್ ಹಾಕಿಕೊಂಡು ಕೂತಿದ್ದರು. ಅಂಗಿ ಇಲ್ಲ. ಎಲ್ಲಿ ಸಿಕ್ಕಿಸುವುದು? ಓರಗಿತ್ತಿ ಮೈಕ್ ಹಿಡಿದು ನಿಂತಳು, ನಾನು ಆಚೆ ಮುಖ ಮಾಡಿ ನಗು ತಡೆದುಕೊಂಡೆ. ಕೊನೆಗೆ ಟವೆಲಿಗೇ ಸಿಕ್ಕಿಸಿದೆವು. "ಎಂತ ತಂಗಿ, ಇದು ಶಾಕ್ ಹೊಡೆಯುದಿಲ್ವಾ?" ಅಂತ ಕೇಳಿ, ಮಾತಿನ ಭರದಲ್ಲಿ ಅಜ್ಜ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಅಲ್ಲಿಗೆ ಕಥೆ ಮುಗಿಯಿತು. ಹೆಂಗಸರಿಗೆ ಸೀರೆ ಸೆರಗಿಗೆ ಹಾಕಿದರೆ ಕರಿಮಣಿ ಸರ ಉಜ್ಜುತ್ತದೆ. ಪ್ರತಿ ಸಲ ಉಸಿರೆಳೆದಾಗಲೂ ಸರ್ ಸರ್ ಅನ್ನುವ ಸದ್ದು. ಸರ ತೆಗೆಯಿರಿ ಅಂತ ಎಂಬತ್ತು ವರ್ಷದ ಮುತ್ತೈದೆಗೆ ಹೇಳುವ ಧೈರ್ಯ ನನಗಿಲ್ಲ. ವಯರಿಲ್ಲದ ದುಬಾರಿ ಕಾಲರ್ ಮೈಕ್ ತಂದರೂ ಇದೇ ಪಾಡು, ಹಾಗಾಗಿ ಆ ದಾರಿ ಬಿಟ್ಟೆವು.

ಕಡೆಗೆ ಪಟ್ಟಿ ಹೀಗೆ ನಿಂತಿತು: ಡೈನಮಿಕ್ ಎಕ್ಸ್‌ಎಲ್‌ಆರ್ ಮೈಕ್ ಎರಡು, ಬ್ಯಾಟರಿ ರೆಕಾರ್ಡರ್ ಒಂದು, ಕಿವಿ ಪೂರ್ತಿ ಮುಚ್ಚುವ ವಯರ್ ಇರುವ ಹೆಡ್‌ಫೋನ್, ಗಿಡ್ಡ ಸ್ಟ್ಯಾಂಡ್ ಎರಡು. ಬ್ಲೂಟೂತ್ ಹೆಡ್‌ಫೋನ್ ಮನೆಯಲ್ಲಿ ಇದೆಯಲ್ಲ ಅಂತ ಮಗಳು ಹೇಳಿದಳು. ಅದರಲ್ಲಿ ದನಿ ತಡವಾಗಿ ಕೇಳುತ್ತದೆ, ನಾವು ಆಡಿದ ಮಾತು ಒಂದು ಗಳಿಗೆ ಬಿಟ್ಟು ನಮ್ಮ ಕಿವಿಗೆ ಬಿದ್ದರೆ ನಾಲಿಗೆ ತೊಡರುತ್ತದೆ. ವಯರೇ ಬೇಕು.

ಬೆಂಗಳೂರಿಗೆ ಹೊರಟೆವು. ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರಾತ್ರಿ ರೈಲು ಸಾಗರ ಜಂಬಗಾರುವಿನಲ್ಲಿ ಹತ್ತಿದರೆ ಬೆಳಕು ಹರಿಯುವ ಮೊದಲೇ ಮೆಜೆಸ್ಟಿಕ್‌ನಲ್ಲಿ ಇಳಿಸುತ್ತದೆ. ನಮಗೆ ಬೇಕಾಗಿದ್ದು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ ಸಾಲು ಇರುವ ಎಸ್‌ಪಿ ರೋಡು, ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಅಲ್ಲಿ ಅಂಗಡಿ ಬಾಗಿಲು ತೆಗೆಯುವುದು ಹತ್ತು ಹತ್ತೂವರೆ ಮೇಲೆ. ಅಲ್ಲಿಯವರೆಗೆ ಕಾಯಬೇಕು. ಸ್ಟೇಷನ್ನಿನಲ್ಲಿ ಕೂತು, ಎರಡು ಸಲ ಕಾಫಿ ಕುಡಿದು, ಪಟ್ಟಿಯನ್ನು ಮತ್ತೆ ಮತ್ತೆ ಓದಿ, ಆಮೇಲೆ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ ಅಲ್ಲಿಂದ ನಡೆದೆವು. ಭಾನುವಾರ ಹೋಗಬೇಡಿ, ಬಹುಪಾಲು ಅಂಗಡಿ ಮುಚ್ಚಿರುತ್ತವೆ.

ಎಸ್‌ಪಿ ರೋಡಿನಲ್ಲಿ ಕೇಳುವವಳು ನಾನು, ಉತ್ತರ ಹೋಗುತ್ತಿದ್ದದ್ದು ಜೊತೆಗೆ ಬಂದಿದ್ದ ನನ್ನ ಗಂಡನಿಗೆ. "ಡೈನಮಿಕ್ ಮೈಕ್ ತೋರಿಸಿ, ಸ್ವಿಚ್ ಇಲ್ಲದ್ದು" ಅಂತ ನಾನು ಹೇಳಿದರೆ ಅಂಗಡಿಯವನು ಅವರ ಮುಖ ನೋಡಿ "ಯೂಟ್ಯೂಬ್‌ಗಾ ಸಾರ್?" ಅಂತ ಕೇಳಿ ಒಂದು ದೊಡ್ಡ ಡಬ್ಬಿ ತೆಗೆದ. ಮೈಕು, ತೋಳು, ಜಾಲರಿ, ಬಣ್ಣಬಣ್ಣದ ಗುಂಡಿಯ ಸೌಂಡ್ ಕಾರ್ಡು, ಎಲ್ಲ ಒಂದೇ ಡಬ್ಬಿಯಲ್ಲಿ. ನನ್ನ ಗಂಡನಿಗೆ ಅಡಿಕೆ ಬಿಟ್ಟು ಬೇರೆ ಏನೂ ಗೊತ್ತಿಲ್ಲ, ಅವರು ಸುಮ್ನೆ ನನ್ನ ಕಡೆ ಕೈ ತೋರಿಸಿದರು. ಮುಂದಿನ ಅಂಗಡಿಗಳಲ್ಲಿ ಅವರನ್ನು ಹೊರಗೇ ನಿಲ್ಲಿಸಿ ಹೋದೆ. ಕೆಲಸ ಬೇಗ ಆಯಿತು.

ಎಲ್ಲರಿಗೂ ಶೂರ್ ಕಂಪನಿಯ ಮೈಕ್ ಮೇಲೆ ಕಣ್ಣು. ಪಾಡ್‌ಕಾಸ್ಟ್ ವಿಡಿಯೋಗಳಲ್ಲಿ ಎಲ್ಲರ ಮುಖದ ಎದುರು ಕಾಣುವ ದಪ್ಪ ಕಪ್ಪು ಮೈಕ್ ಎಸ್‌ಎಂ7ಬಿ. ಒಂದಕ್ಕೇ ಮೂವತ್ತು ಸಾವಿರದ ಮೇಲೆ. ಅಷ್ಟೇ ಅಲ್ಲ, ಅದರ ದನಿ ಬಹಳ ಮೆಲ್ಲಗೆ ಬರುತ್ತದೆ, ಸುಮಾರು 60 ಡೆಸಿಬಲ್ ಏರಿಸಬೇಕು, ಸಣ್ಣ ಇಂಟರ್‌ಫೇಸ್‌ಗಳು ಅಲ್ಲಿಗೆ ಏದುಸಿರು ಬಿಡುತ್ತವೆ. ನಮ್ಮ ಕೆಲಸಕ್ಕೆ ಅದು ಬೇಡವೇ ಬೇಡ. ಅದೇ ಕಂಪನಿಯ ಎಸ್‌ಎಂ58 1966ರಿಂದ ಬರುತ್ತಿದೆ, ಬಹಳ ಗಟ್ಟಿ. ಆದರೆ ಅದರ ನಕಲಿಯೂ ಅಷ್ಟೇ ಓಡಾಡುತ್ತದೆ. ಅಸಲಿ ಸುಮಾರು 300 ಗ್ರಾಂ ತೂಗುತ್ತದೆ, ಕೈಯಲ್ಲಿ ಹಿಡಿದಾಗ ಹಗುರ ಅನ್ನಿಸಿದರೆ, ರೇಟು ಅರ್ಧಕ್ಕರ್ಧ ಕಮ್ಮಿ ಹೇಳಿದರೆ ಅನುಮಾನ ಪಡಿ. ನಾವು ಬೆರಿಂಜರ್ ಎಕ್ಸ್‌ಎಂ8500 ಎರಡು ತಗೊಂಡೆವು. ಒಂದಕ್ಕೆ ಎರಡು ಸಾವಿರದ ಮೇಲೆ ಸ್ವಲ್ಪ. ಸ್ವಿಚ್ ಇಲ್ಲದ್ದು ಯಾಕೆ ಅಂದರೆ, ಸ್ವಿಚ್ ಇದ್ದರೆ ಯಾರೋ ಒಬ್ಬರು ಅದನ್ನು ಒತ್ತಿಯೇ ಒತ್ತುತ್ತಾರೆ.

ಸ್ಟ್ಯಾಂಡ್ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಅಂಗಡಿಯವರು ತೋರಿಸುವುದು ಮೇಜಿಗೆ ಕಚ್ಚಿಸುವ ಉದ್ದ ತೋಳು. ನಾವು ಹೋಗುವ ಮನೆಗಳಲ್ಲಿ ಮೇಜು ಎಲ್ಲಿದೆ? ಚಾಪೆ ಮೇಲೆ ಕೂರುತ್ತೇವೆ. ಮೂರು ಕಾಲಿನ ಗಿಡ್ಡ ಸ್ಟ್ಯಾಂಡ್ ಹುಡುಕಿ ತಗೊಂಡೆವು. ಮೈಕಿನ ಕ್ಲಿಪ್ಪು ಸ್ಟ್ಯಾಂಡಿಗೆ ಕೂರಲಿಲ್ಲ. ಕ್ಲಿಪ್ಪಿನ ಮರೆ (ತಿರುಪಿನ ಸುತ್ತು) 5/8 ಇಂಚು, ಸ್ಟ್ಯಾಂಡಿನದು 3/8 ಇಂಚು. ನಡುವೆ ಒಂದು ಹಿತ್ತಾಳೆ ಉಂಗುರ ಬೇಕು, ಬೆರಳ ತುದಿಯಷ್ಟು ದೊಡ್ಡದು, ಒಳಗೂ ಹೊರಗೂ ಮರೆ ಇರುತ್ತದೆ, ಮೇಲೆ ಸ್ಕ್ರೂಡ್ರೈವರ್ ಇಡಲು ಒಂದು ಗೀರು. ಇದು ಸಾಗರದಲ್ಲಿ ಸಿಗುವ ಸಾಮಾನಲ್ಲ. ಅಂಗಡಿಯಲ್ಲೇ ಜೋಡಿಸಿ ನೋಡಿದ್ದರಿಂದ ಬದುಕಿದೆವು. ಒಂದೆರಡು ಜಾಸ್ತಿಯೇ ತಗೊಂಡು ಚೀಲದಲ್ಲಿ ಹಾಕಿಕೊಳ್ಳಿ, ಬೇಗ ಕಳೆಯುತ್ತದೆ.

"ಬಿಲ್ ಬೇಕಾ, ಬೇಡ್ವಾ?" ಅಂತ ಕೇಳುತ್ತಾರೆ. ಬೇಡ ಅಂದರೆ ರೇಟು ಇಳಿಯುತ್ತದೆ. ಬೇಕು ಅನ್ನಿ. ಜಿಎಸ್‌ಟಿ ನಂಬರ್ ಇರುವ ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲು ಬಾಯಿ ಬರುವುದಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಅಲ್ಲೇ ನಿಂತು ಫೋಟೋ ತೆಗೆಯಿರಿ. ಆ ಕಾಗದದ ಅಕ್ಷರ ಒಂದು ಮಳೆಗಾಲ ದಾಟಿದರೆ ಮಾಸಿಹೋಗುತ್ತದೆ.

ರೆಕಾರ್ಡರ್ ಅಲ್ಲಿ ಸಿಗಲಿಲ್ಲ. ನಮಗೆ ಬೇಕಾಗಿದ್ದು ಝೂಮ್ ಕಂಪನಿಯ ಪಾಡ್‌ಟ್ರ್ಯಾಕ್ ಪಿ4. ನಾಲ್ಕು ಮೈಕ್ ಚುಚ್ಚಬಹುದು, ನಾಲ್ಕು ಹೆಡ್‌ಫೋನ್ ಹಾಕಬಹುದು, ಎರಡು ಪೆನ್‌ಸೆಲ್ ಹಾಕಿದರೆ ಓಡುತ್ತದೆ, ಪವರ್ ಬ್ಯಾಂಕ್‌ನಿಂದಲೂ ಓಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಒಬ್ಬೊಬ್ಬರ ದನಿ ಬೇರೆ ಬೇರೆ ಫೈಲಿನಲ್ಲಿ ಕೂರುತ್ತದೆ. ಇದು ಬಹಳ ಮುಖ್ಯ. ಅಜ್ಜಿ ಮಾತಾಡುವಾಗ ನಾನು ಕೆಮ್ಮಿದರೆ ನನ್ನ ಕೆಮ್ಮು ನನ್ನ ಫೈಲಿನಲ್ಲಿ, ಅಳಿಸಿದರೆ ಹೆಚ್ಚುಕಮ್ಮಿ ಹೋಯಿತು. ಎರಡು ಮೂರು ಅಂಗಡಿಯಲ್ಲಿ "ತರಿಸಿಕೊಡ್ತೀವಿ ಮೇಡಂ, ಅಡ್ವಾನ್ಸ್ ಕೊಡಿ" ಅಂದರು. ಊರಿಗೆ ವಾಪಸ್ ಹೋಗಿ ಅಡ್ವಾನ್ಸಿನ ಹಿಂದೆ ಫೋನ್ ಮಾಡುತ್ತಾ ಕೂರುವುದು ಯಾಕೆ ಅಂತ ಬಿಟ್ಟು ಬಂದೆವು. ಹೆಡ್‌ಫೋನೂ ಅಷ್ಟೇ, ನಮಗೆ ಬೇಕಾದದ್ದು ಇರಲಿಲ್ಲ.

ಆನ್‌ಲೈನ್‌ನಲ್ಲಿ ಎರಡನ್ನೂ ಹುಡುಕಿ ಪಿನ್‌ಕೋಡ್ ಹೊಡೆದರೆ "ಈ ಜಾಗಕ್ಕೆ ತಲುಪಿಸುವುದಿಲ್ಲ" ಅಂತ ಬಂತು. ಹಳ್ಳಿಯವರಿಗೆ ಇದು ಹೊಸತಲ್ಲ. ಸಾಗರ ಪೇಟೆಯಲ್ಲಿರುವ ಚಿಕ್ಕಮಾವನ ಅಂಗಡಿ ವಿಳಾಸ ಕೊಟ್ಟೆವು. ರೆಕಾರ್ಡರ್ ಬೇಗ ಬಂತು, ಸರಿ ಇತ್ತು. ಹೆಡ್‌ಫೋನ್ ಬರಲು ಕಾದು ಕಾದು ಸಾಕಾಯಿತು, ಬಂದಮೇಲೆ ನೋಡಿದರೆ ಎಡಗಿವಿ ಸತ್ತಿದೆ. ಅಲ್ಲಿಂದ ಶುರುವಾಯಿತು ನೋಡಿ. ಮಾರಾಟಗಾರ ಹಣ ವಾಪಸ್ ಇಲ್ಲ, ಬದಲಿ ಮಾತ್ರ ಅಂದ. ಬದಲಿ ಸ್ಟಾಕ್ ಇಲ್ಲ ಅಂದ. ಡಬ್ಬಿ ಬಿಚ್ಚುವಾಗಿನ ವಿಡಿಯೋ ಕೇಳಿದ. ಅದು ನಮ್ಮಲ್ಲಿತ್ತು, ಓರಗಿತ್ತಿ ಏನು ಪಾರ್ಸಲ್ ಬಂದರೂ ವಿಡಿಯೋ ಮಾಡುವವಳು. ಕಳಿಸಿದೆವು. ಸತ್ತ ಕಿವಿ ವಿಡಿಯೋದಲ್ಲಿ ಹೇಗೆ ಗೊತ್ತಾಗುತ್ತದೆ ಅಂತ ಮತ್ತೆ ಕೇಳಿದ. ಆ ಪ್ರಶ್ನೆ ಸರಿಯೇ, ಆದರೆ ವಿಡಿಯೋ ಕೇಳಿದ್ದು ಯಾರು? ಕೊನೆಗೆ ಹೆಡ್‌ಫೋನಿನ ಒಂದೊಂದೇ ಕಿವಿಯನ್ನು ಫೋನಿನ ಮೈಕಿಗೆ ಒತ್ತಿ ಹಿಡಿದು, ಬಲಗಿವಿಯಲ್ಲಿ ಹಾಡು ಬರುತ್ತದೆ, ಎಡಗಿವಿಯಲ್ಲಿ ಇಲ್ಲ ಅಂತ ತೋರಿಸುವ ಇನ್ನೊಂದು ವಿಡಿಯೋ ಮಾಡಿ ಕಳಿಸಿದ ಮೇಲೆ ಒಪ್ಪಿದ. ಪಾರ್ಸಲ್ ತಗೊಳ್ಳಲು ಬರುವವನು ಚಿಕ್ಕಮಾವ ಊಟಕ್ಕೆ ಹೋದಾಗಲೇ ಬರುತ್ತಿದ್ದ. ಹಣ ಬರುವಷ್ಟರಲ್ಲಿ ನಾವು ಬೇರೆ ಕಡೆ ಇನ್ನೊಂದು ತರಿಸಿ ಕೆಲಸ ಶುರು ಮಾಡಿಯಾಗಿತ್ತು. ಏನೇ ತರಿಸಿದರೂ ಬಂದ ದಿನವೇ ಎಲ್ಲ ತೂತಿಗೂ ಚುಚ್ಚಿ ಪರೀಕ್ಷೆ ಮಾಡಿ, ವಾಪಸಿನ ಗಡುವು ಬಹಳ ಸಣ್ಣದು.

ಮೊದಲ ನಿಜವಾದ ರೆಕಾರ್ಡಿಂಗ್ ಹಿನ್ನೀರಿನ ಆಚೆಯ ಒಂದು ಮನೆಯಲ್ಲಿ. ಹೆಂಚಿನ ಮನೆ, ಮಣ್ಣಿನ ಗೋಡೆ, ಚಪ್ಪಾಳೆ ಟಪ್ ಅಂತ ಸತ್ತಿತು. ಸ್ಟ್ಯಾಂಡನ್ನು ನೆಲದ ಮೇಲೆ ಇಟ್ಟರೆ ಯಾರಾದರೂ ನಡೆದಾಗ ದಪ್ ದಪ್ ಅಂತ ಬರುತ್ತದೆ. ಒಂದು ಮಣೆ ಕೇಳಿ, ಕೆಳಗೆ ಟವೆಲ್ ಮಡಚಿ ಹಾಕಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟೆವು. ಬಾಯಿಯಿಂದ ಮೈಕಿಗೆ ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗೆ, ಸ್ವಲ್ಪ ಓರೆಯಾಗಿ. ನೇರ ಇಟ್ಟರೆ ಪ, ಬ, ಭ ಬಂದಾಗೆಲ್ಲ ಉಸಿರು ಬಡಿಯುತ್ತದೆ, ಅದಕ್ಕೆ ಸ್ಪಂಜಿನ ಟೋಪಿಯೂ ಬೇಕು. ಅಜ್ಜಿಯ ಕೈತುಂಬ ಗಾಜಿನ ಬಳೆ. ಕೈ ಆಡಿಸದೆ ಮಾತಾಡಲು ಅವರಿಗೆ ಬರುವುದಿಲ್ಲ, ಬರಬಾರದೂ ಕೂಡ. ನಾನು ಏನೂ ಹೇಳಲಿಲ್ಲ. ಅವರ ಸೊಸೆ ತಾನಾಗಿ ಒಂದು ಬಟ್ಟೆ ತಂದು "ಅಮ್ಮಾ, ಕೈ ಕೊಡಿ" ಅಂತ ಬಳೆಯ ಮೇಲೆ ಸುತ್ತಿ ಗಂಟು ಹಾಕಿದರು. ಒಂದಿಷ್ಟು ಕಿಣಿಕಿಣಿ ಉಳಿಯಿತು, ಉಳಿಯಲಿ ಬಿಡಿ.

ಫ್ರಿಜ್ ಇರುವ ಮನೆಯಾದರೆ ಕೇಳಿ ಆಫ್ ಮಾಡಿಸಿ. ಆಫ್ ಮಾಡಿಸಿ ನಿಮ್ಮ ಬೈಕ್ ಕೀಲಿಯನ್ನು ಫ್ರಿಜ್ ಒಳಗೆ ಇಡಿ. ಹೊರಡುವಾಗ ಕೀಲಿ ಹುಡುಕುತ್ತೀರಿ, ಫ್ರಿಜ್ ನೆನಪಾಗುತ್ತದೆ, ಅವರ ಹಾಲು ಒಡೆಯುವುದಿಲ್ಲ. ಎಲ್ಲರ ಫೋನೂ ಏರೋಪ್ಲೇನ್ ಮೋಡಿಗೆ. ಮಾತು ಶುರು ಮಾಡುವ ಮೊದಲು ಯಾರೂ ಮಾತಾಡದೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿಕೊಳ್ಳಿ. ಅಡಾಸಿಟಿಯಲ್ಲಿ ಹಿಂದಿನ ಸದ್ದು ಕಳೆಯಲು ಆ ಖಾಲಿ ತುಂಡು ಬೇಕು.

ಒಪ್ಪಿಗೆ ಪತ್ರ ಅಂತ ಒಂದು ಕಾಗದ ಮಾಡಿಸಿಕೊಂಡು ಹೋಗಿದ್ದೆವು. ಆ ಮನೆಯ ಅಜ್ಜ ಕಾಗದ ನೋಡಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡರು. "ಡ್ಯಾಮಿನವರೂ ಹೀಂಗೇ ಸೈನ್ ಮಾಡ್ಸ್ಕಂಡು ಹೋದ್ರು ತಂಗಿ" ಅಂದರು. ಕಾಗದ ಮಡಚಿ ಚೀಲಕ್ಕೆ ಹಾಕಿದೆ. ಈಗ ಹೆಸರು, ಊರು, "ಹಾಕ್ಲಿ, ನನ್ನದೇನೂ ಅಡ್ಡಿಲ್ಲ" ಅನ್ನುವ ಮಾತು ಎಲ್ಲವನ್ನೂ ರೆಕಾರ್ಡಿಂಗ್‌ನ ಶುರುವಿನಲ್ಲೇ ಅವರ ಬಾಯಲ್ಲೇ ಹೇಳಿಸಿ ಇಟ್ಟುಕೊಳ್ಳುತ್ತೇವೆ.

ಖರ್ಚು ಹೇಳಿಬಿಡುತ್ತೇನೆ. ಮೈಕ್ ಎರಡಕ್ಕೆ 4,500. ರೆಕಾರ್ಡರ್ 20,000. ಹೆಡ್‌ಫೋನ್ 4,500. ಚಾರ್ಜ್ ಮಾಡುವ ಪೆನ್‌ಸೆಲ್, ಚಾರ್ಜರ್ ಸೇರಿ 1,800. ಸ್ಟ್ಯಾಂಡ್ ಎರಡು 1,200, ಮೂರು ಮೀಟರಿನ ಕೇಬಲ್ ಎರಡು 900, ಮೆಮೊರಿ ಕಾರ್ಡ್ 500, ಸ್ಪಂಜಿನ ಟೋಪಿ, ಹಿತ್ತಾಳೆ ಉಂಗುರ ಎಲ್ಲ ಸೇರಿ 200. ಒಟ್ಟು 33,600, ರೈಲು ಚಾರ್ಜು, ಎಲೆಕ್ಟ್ರಿಷಿಯನ್ ಬಿಟ್ಟು. ರೇಟು ಏರಿಳಿಯುತ್ತಿರುತ್ತದೆ, ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ನೀವು ಒಬ್ಬರೇ ಮನೆಯಲ್ಲೇ ಕೂತು ಮಾತಾಡುವುದಾದರೆ ಇದರಲ್ಲಿ ಮುಕ್ಕಾಲು ಭಾಗ ನಿಮಗೆ ಬೇಡ. ಸ್ಯಾಮ್ಸನ್ ಕ್ಯೂ2ಯು ಥರದ, ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ಎರಡೂ ಇರುವ ಡೈನಮಿಕ್ ಮೈಕ್ ಒಂದು ತಗೊಳ್ಳಿ. ಇವತ್ತು ಲ್ಯಾಪ್‌ಟಾಪಿಗೆ ನೇರ ಹಾಕಿ, ಮುಂದೆ ಜೊತೆಗಾರರು ಸಿಕ್ಕಿದರೆ ಅದೇ ಮೈಕ್ ರೆಕಾರ್ಡರಿಗೂ ಆಗುತ್ತದೆ. ಇಬ್ಬರು ಮನೆಯಲ್ಲೇ ಕೂರುವುದಾದರೆ ಎರಡು ಮೈಕಿನ ಇಂಟರ್‌ಫೇಸ್ ಸಾಕು. ಒಂದೇ ಮೈಕಿನದ್ದು ಸ್ವಲ್ಪ ಕಮ್ಮಿಗೆ ಸಿಗುತ್ತದೆ, ಆದರೆ ಎರಡನೇ ಮನುಷ್ಯ ಬಂದ ದಿನ ಅದು ಕೆಲಸಕ್ಕೆ ಬರುವುದಿಲ್ಲ.

ಸಣ್ಣಪುಟ್ಟ ಲೆಕ್ಕ ಇನ್ನೊಂದಿಷ್ಟು. ಪಿ4 ಬರೆಯುವುದು 44.1 ಕಿಲೋಹರ್ಟ್ಜ್, 16 ಬಿಟ್ಟಿನ ವೇವ್ ಫೈಲ್. ಇಬ್ಬರ ದನಿ, ಜೊತೆಗೆ ಎರಡೂ ಬೆರೆತ ಒಂದು ಫೈಲು ಸೇರಿ ಗಂಟೆಗೆ ಒಂದೂಕಾಲು ಜಿಬಿ. 32 ಜಿಬಿ ಕಾರ್ಡು ಧಾರಾಳ. ಕಂಡೆನ್ಸರ್ ಮೈಕಿಗೆ ಕೇಬಲ್ಲಿನಲ್ಲೇ ಕೊಡುವ 48 ವೋಲ್ಟಿನ ಫ್ಯಾಂಟಮ್ ಪವರ್ ಡೈನಮಿಕ್ ಮೈಕಿಗೆ ಬೇಡ, ಆಫ್ ಇಟ್ಟರೆ ಸೆಲ್ ಜಾಸ್ತಿ ಹೊತ್ತು ಬರುತ್ತದೆ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟಿನದು, ರೆಕಾರ್ಡರಿನ ಸೆಟಿಂಗ್‌ನಲ್ಲಿ ಸೆಲ್ಲಿನ ಜಾತಿ ಬದಲಿಸದಿದ್ದರೆ ಎಷ್ಟು ಉಳಿದಿದೆ ಅಂತ ತಪ್ಪು ತೋರಿಸುತ್ತದೆ. ಎಡಿಟಿಂಗ್ ಮುಗಿಸಿ ಕೊನೆಗೆ ಲೌಡ್‌ನೆಸ್ ಸರಿ ಮಾಡುವಾಗ ಸ್ಟೀರಿಯೋಗೆ ಮೈನಸ್ 16 ಎಲ್‌ಯುಎಫ್‌ಎಸ್ (ದನಿ ಎಷ್ಟು ಜೋರು ಅಂತ ಅಳೆಯುವ ಲೆಕ್ಕ), ಮೋನೋಗೆ ಮೈನಸ್ 19. ಪಾಡ್‌ಕಾಸ್ಟಿನ ಮುಖಚಿತ್ರ 3000 ಪಿಕ್ಸೆಲ್‌ನ ಚೌಕ ಮಾಡಿಸಿ, 1400ಕ್ಕಿಂತ ಸಣ್ಣದಾದರೆ ಆಪಲ್ ಪಾಡ್‌ಕಾಸ್ಟ್‌ನವರು ತಗೊಳ್ಳುವುದಿಲ್ಲ.

ಮಲೆನಾಡು, ಕರಾವಳಿಯವರು ಮೈಕನ್ನು ಬೀರುವಿನಲ್ಲಿ ಸುಮ್ನೆ ಇಡಬೇಡಿ. ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಡೈನಮಿಕ್ ಹೇಗೋ ತಡೆದುಕೊಳ್ಳುತ್ತದೆ, ಕಂಡೆನ್ಸರ್‌ಗೆ ತೇವ ಹಿಡಿದರೆ ಚಟಪಟ ಅನ್ನುತ್ತದೆ. ನಮ್ಮ ಡಬ್ಬಿ ಈಗ ಅಡಿಕೆ ಚೀಲದ ಕೋಣೆಯಲ್ಲೇ ಇದೆ. ಒಂದೇ ಹೆಡ್‌ಫೋನಿಗೆ ನಾನೂ ಓರಗಿತ್ತಿಯೂ ಕಿತ್ತಾಡುವುದು ನಿಲ್ಲಬೇಕಾದರೆ ಎರಡನೆಯದು ತಗೊಳ್ಳಬೇಕು, ಅದು ಯುಗಾದಿ ಆದಮೇಲೆ, ಅಡಿಕೆ ರೇಟು ನೋಡಿಕೊಂಡು.